ಇಳುಕಲಿನ ಖೋಗೀರ

ಬೆಳಿಗ್ಗೆ ಹನ್ನೊಂದು ಗಂಟೆಗೆ ಸೈನಿಕರು ಹೇಸರಗತ್ತೆಯ ಬೆನ್ನಿನಿಂದ ಖೋಗೀರ ಇಳಿಸಿದರು. ಹೆಗಲ ದಿಬ್ಬದ ಮೇಲೆ ಚರ್ಮ ಸುಲಿದು ಕೆಂಪಾಗಿತ್ತು.

ಸೇನೆಯ ಪಶುವೈದ್ಯರು ಬಗ್ಗಿ ನೋಡಿದರು, ಫೋಟೊ ತೆಗೆಸಿದರು, ಪಕ್ಕಕ್ಕೆ ಸರಿದರು. ಉತ್ತರದ ಗುಡ್ಡಗಾಡಿನ ಆ ಶಿಬಿರದಲ್ಲಿ ಅಂದು ಎರಡು ಕಂಪನಿಗಳ ಖೋಗೀರಗಳಿಗೆ ಪರೀಕ್ಷೆ ಇತ್ತು. ಖೋಗೀರವೆಂದರೆ ಹೊರೆಗೂ ಪ್ರಾಣಿಯ ಬೆನ್ನಿಗೂ ನಡುವೆ ಕೂರುವ, ಉಣ್ಣೆ ತುಂಬಿದ ದಪ್ಪ ತಡಿ. ಲಾರಿ ಹೋಗದ ಗಡಿ ಠಾಣೆಗಳಿಗೆ ಮದ್ದುಗುಂಡು, ಸೀಮೆಎಣ್ಣೆ, ಹಿಟ್ಟು ಇವತ್ತಿಗೂ ಹೇಸರಗತ್ತೆಯ, ಅಂದರೆ ಖಚ್ಚರಿನ, ಮೇಲೆಯೇ ಏರುತ್ತವೆ. ತಡಿ ಕೆಟ್ಟದಾದರೆ ಪ್ರಾಣಿ ಮಲಗುತ್ತದೆ, ಠಾಣೆಗೆ ಸಾಮಾನು ತಲುಪುವುದಿಲ್ಲ. ಅದಕ್ಕೇ ಸೇನೆ ಬಂದೂಕನ್ನು ಕೊಳ್ಳುವಷ್ಟೇ ಬಿಗಿಯಾಗಿ ಖೋಗೀರವನ್ನೂ ಕೊಳ್ಳುತ್ತದೆ: ಮೊದಲು ಕಾಗದದ ಮೇಲೆ ಗುಣ, ಆಮೇಲೆ ಬೆಟ್ಟದ ಮೇಲೆ ಪರೀಕ್ಷೆ, ಕೊನೆಗೆ ದರ.

ಉತ್ತರದ ದೊಡ್ಡ ಕಂಪನಿಯೊಂದರ ಖೋಗೀರದ ಪಟ್ಟಿ ಬಿಗಿಯುವ ಬಕ್ಕಲು ಮುರಿದಿತ್ತು. ಗಾಯ ಮಾಡಿದ್ದು ಹುಮನಾಬಾದಿನ ದೀಪಾಲಿಯ ಖೋಗೀರ.

ಪರೀಕ್ಷೆಯ ಹೊಣೆ ಹೊತ್ತಿದ್ದ ಮೇಜರ್ ಅಜೀತ ಎರಡೂ ಕಂಪನಿಯವರನ್ನು ಕರೆದು ಹಿಂದಿಯಲ್ಲಿ ಹೇಳಿದರು: "ಇಬ್ಬರ ದೋಷವನ್ನೂ ಬರೆದು ಕೊಡುತ್ತೇವೆ. ಇಬ್ಬರಿಗೂ ಇನ್ನೊಂದೇ ಅವಕಾಶ. ಆಗಲೂ ಕೆಟ್ಟರೆ ಹೊರಗೆ."

"ಸರ್, ಗಾಯ ಯಾಕಾಯಿತು ಅಂತ..." ದೀಪಾಲಿ ಬಾಯಿ ತೆರೆದಳು.

"ದೋಷ ಹೇಳುವುದು ನಮ್ಮ ಕೆಲಸ, ಮೇಡಂ. ಕಾರಣ ಹುಡುಕುವುದು ನಿಮ್ಮದು. ನಿಮಗೆ ಒಂದು ಮಾತು ಹೆಚ್ಚು ಹೇಳಿದರೆ ಅವರಿಗೂ ಹೇಳಬೇಕಾಗುತ್ತದೆ."

ಆ ಮಾತು ಅವಳಿಗೆ ಚುಚ್ಚಿತು, ಹಾಗೆಯೇ ಧೈರ್ಯವನ್ನೂ ಕೊಟ್ಟಿತು. ಇಲ್ಲಿ ಯಾರ ಪರಿಚಯವೂ ನಡೆಯುವುದಿಲ್ಲ ಎಂದರೆ ದೊಡ್ಡ ಕಂಪನಿಯದೂ ನಡೆಯುವುದಿಲ್ಲ.

ಹುಮನಾಬಾದಿನ ಹೆದ್ದಾರಿಯ ಮಗ್ಗುಲಲ್ಲಿ ದೀಪಾಲಿಯ ಕಾರ್ಖಾನೆ. ಲಾರಿಗಳ ತಾಡಪತ್ರಿ, ಸೀಟು, ಹಗ್ಗದ ಪಟ್ಟಿ ಹೊಲಿಯುವುದು ಅದರ ಕಸುಬು. ಸೇನೆಯ ಟೆಂಡರಿಗೆ ಕೈ ಹಾಕಿದಾಗ ಬಜಾರದಲ್ಲಿ ನಕ್ಕವರೇ ಹೆಚ್ಚು. ತಾಡಪತ್ರಿಯಂತೂ ಎಲ್ಲರೂ ಹೊಲಿಯುತ್ತಾರೆ. ಈ ಊರಿನ ಹೊಲಿಗೆ ಬೆಟ್ಟದ ತುದಿಯವರೆಗೂ ತಾಳಬಲ್ಲದು ಎಂದು ತೋರಿಸಬೇಕೆಂಬ ಹಟ ಅವಳದು. ಎರಡನೆಯ ಸಲವೂ ಗಾಯವಾದರೆ ಆ ಹಟ ಅಲ್ಲಿಗೇ ಮುಗಿಯುತ್ತಿತ್ತು.

ಖೋಗೀರಕ್ಕೆ ಉಣ್ಣೆ ತುಂಬಿದವಳು ಸುಮನಬಾಯಿ, ನಾರಾಯಣಪುರದ ಕುರುಬರ ಮನೆಯ ಹಿರಿಯಳು. ಸುದ್ದಿ ಕೇಳಿ ಅವಳು ದಬ್ಬಣ ಕೆಳಗಿಟ್ಟಳು.

"ಗಾಯ? ನಾ ತುಂಬಿದ ಖೋಗೀರದಿಂದ? ಆ ಖಚ್ಚರಿನ ಚರ್ಮನೇ ನಾಜೂಕ ಇರಬೇಕು ನೋಡು."

"ಖಚ್ಚರಿಂದು ತಪ್ಪಿಲ್ಲ ಕಾಕಿ. ಏರುವಾಗ ಛಲೋ ಇತ್ತು, ಇಳಿವಾಗ ಕುತ್ತಿಗಿ ಝಾಡಿಸಾಕತ್ತಿತ್ತು. ನಾನೇ ಹಿಂದ ನಡದು ನೋಡೇನಿ."

"ನಮ್ಮಪ್ಪ ಕುರಿ ಹಿಂದ ಕುದುರಿ ಹೊಡಕೊಂಡು ಸೋಲಾಪುರ ತನಕ ಹೋಗ್ಯಾನ. ಒಂದ್ ಕುದುರಿಗಿ ಗಾಯ ಆಗಿಲ್ಲ. ನೀ ತಾಡಪತ್ರಿ ಹೊಲಿಯಾಕಿ, ನಿನಗೇನ್ ಗೊತ್ತದ?"

"ಏನೂ ಗೊತ್ತಿಲ್ಲಂತನೇ ಕೇಳಾಕತ್ತೇನಿ. ಇಳುಕಲಿನಾಗ ಒಮ್ಮಿ ನೋಡೂಣು."

"ನೋಡು. ಗುಡ್ಡ ಎಲ್ಲಿಂದ ತರ್ತಿ?"

ಪ್ರಶ್ನೆ ಸರಿಯಾಗಿಯೇ ಇತ್ತು. ಹುಮನಾಬಾದಿನಿಂದ ಬಸವಕಲ್ಯಾಣದವರೆಗೆ ಏರಿಳಿತ ಇಲ್ಲವೆಂದಲ್ಲ. ಆದರೆ ಅವು ಲಾರಿಗೆ ಒಗ್ಗುವ ಏರಿಳಿತ. ಪ್ರಾಣಿ ಮುಂಗಾಲು ಊರಿ ತಡೆದು ತಡೆದು ಇಳಿಯುವಂಥ ಜಾಗ ಎಲ್ಲೂ ಸಿಗಲಿಲ್ಲ. ಕಾರ್ಖಾನೆಯ ಬಾಗಿಲಲ್ಲಿ ನಿಂತು ಅದನ್ನೇ ಯೋಚಿಸುತ್ತಿದ್ದ ದೀಪಾಲಿಯ ಕಣ್ಣು ಎದುರಿನ ಟಿಪ್ಪರಿನ ಡಾಲಾದ ಮೇಲೆ, ಉಸುಕು ತುಂಬಿ ಎತ್ತಿ ಸುರಿಯುವ ತೊಟ್ಟಿಯ ಮೇಲೆ, ಬಿತ್ತು. ಟಿಪ್ಪರಿನ ಧಣಿಯೂ ಚಾಲಕನೂ ಆದ ಗಯಾಸುದ್ದೀನ್ ತಾಡಪತ್ರಿಯ ದುರಸ್ತಿಗೆ ಬಂದಿದ್ದ.

"ಗಯಾಸ್ ಭಾಯಿ, ಡಾಲಾ ಅರ್ಧಕ್ಕ ಎತ್ತಿ ನಿಲ್ಲಿಸ್ಲಿಕ್ಕ ಬರ್ತದೇನ್ರಿ?"

"ಬರ್ತದ್ರಿ ಅಕ್ಕಾ. ಏನ್ ತುಂಬಬೇಕು, ಮುರುಮ್ ಮಣ್ಣಾ?"

"ಕುದುರಿ."

ಗಯಾಸುದ್ದೀನ್ ಬಾಯಿಗೆ ಹಾಕಿಕೊಳ್ಳಬೇಕಿದ್ದ ಪಾನನ್ನು ಕೈಯಲ್ಲೇ ಹಿಡಿದ. "ಇಷ್ಟ್ ವರ್ಷ ಉಸುಕು ಸುರುವೀನಿ, ಖಡಿ ಸುರುವೀನಿ. ಕುದುರಿ ಮಾತ್ರ ಸುರುವಿಲ್ರಿ ಅಕ್ಕಾ!"

ರಾಜೇಶ್ವರದ ಹೊರಗಿನ ಬಯಲಿನಲ್ಲಿ ಮಣ್ಣಿನ ಗುಡ್ಡೆಗೆ ಟಿಪ್ಪರಿನ ಹಿಂಭಾಗ ಆನಿಸಿ ನಿಲ್ಲಿಸಿದರು. ಡಾಲಾ ಎತ್ತಿ, ಕುಸಿಯದಂತೆ ಕೆಳಗೆ ದಿಮ್ಮಿ ಕೊಟ್ಟರು. ಕಬ್ಬಿಣದ ಮೇಲೆ ಗೊರಸು ಜಾರದಂತೆ ಗೋಣಿ ಹಾಸಿ ಒದ್ದೆ ಮಣ್ಣು ಮೆತ್ತಿದರು. ಸುಮನಬಾಯಿಯ ತಮ್ಮ ದೇವಿಂದ್ರಪ್ಪ ತನ್ನ ಬಿಳಿ ಕುದುರೆಯನ್ನು ತಂದ. ಕುರಿಯ ಹಿಂಡಿನೊಂದಿಗೆ ಲಾರಿ ಹತ್ತಿ ಇಳಿದ ರೂಢಿ ಅದಕ್ಕಿತ್ತು. ರಸ್ತೆಯಲ್ಲಿ ಹೋಗುತ್ತಿದ್ದ ಆಟೊಗಳು ನಿಂತವು. "ಕುದುರಿ ಡಂಪ್ ಮಾಡಾಕತ್ತಾರ, ಬರ್ರೋ!" ಎಂದು ಯಾರೋ ಕೂಗಿದ.

ಸುಮನಬಾಯಿ ಸೊಂಟದ ಚೀಲದಿಂದ ಮನೆದೇವರು ಮಲ್ಲಣ್ಣನ ಭಂಡಾರ ತೆಗೆದಳು. ಆ ಅರಿಷಿಣದ ಪುಡಿಯನ್ನು ಖೋಗೀರದ ಒಳಮೈಗೆಲ್ಲ ಹಚ್ಚಿದಳು.

"ಎಲ್ಲಿ ಒತ್ತತದ, ಅಲ್ಲಿ ಹಳದಿ ಹತ್ತತದ. ತಪ್ಪು ಯಾರ್ದಂತ ಮಲ್ಲಣ್ಣನೇ ಹೇಳ್ಲಿ."

ಮೊದಲು ಬಯಲಿನಲ್ಲಿ ಹೊರೆ ಹೊರಿಸಿ ನಡೆಸಿದರು. ಇಳಿಸಿ ನೋಡಿದರೆ ಹಳದಿ ಬೆನ್ನಿನ ಎರಡೂ ಮಗ್ಗುಲಿಗೆ ಸಮನಾಗಿ ಹರಡಿತ್ತು. ಸುಮನಬಾಯಿ ಸುತ್ತ ನೆರೆದವರ ಕಡೆಗೆ ಗೆದ್ದವಳ ಹಾಗೆ ನೋಡಿದಳು. ಬೆನ್ನು ಒರೆಸಿ, ಭಂಡಾರ ಮತ್ತೆ ಹಚ್ಚಿ, ಕುದುರೆಯನ್ನು ಡಾಲಾದಲ್ಲಿ ಹತ್ತಿಸಿ ಇಳಿಸಿದರು. ಮತ್ತೆ ಹತ್ತಿಸಿದರು, ಮತ್ತೆ ಇಳಿಸಿದರು. ಇಳಿಯುವಾಗ ಕುದುರೆ ಕುತ್ತಿಗೆ ಝಾಡಿಸಿತು. ಈ ಸಲ ಖೋಗೀರ ತೆಗೆದಾಗ ಹಿಂದೆ ಎಲ್ಲೂ ಬಣ್ಣವಿರಲಿಲ್ಲ. ಹೆಗಲ ದಿಬ್ಬದ ಮೇಲೆ ಮಾತ್ರ ಹಳದಿ ಗಟ್ಟಿಯಾಗಿ ಮೆತ್ತಿಕೊಂಡಿತ್ತು.

ಸುಮನಬಾಯಿ ಆ ಗುರುತಿನ ಮೇಲೆ ಅಂಗೈ ಇಟ್ಟು ನಿಂತಳು. ದೇವಿಂದ್ರಪ್ಪ ಕೆಮ್ಮಿದ.

"ನೀ ಕೆಮ್ಮಬ್ಯಾಡೋ, ನನಗ ಕಣ್ಣು ಅವ," ಎಂದಳು. ಆಮೇಲೆ ದೀಪಾಲಿಯ ಕಡೆ ತಿರುಗಿದಳು. "ನಮ್ಮ ಕುದುರಿ ಹಾದಿ ತುಂಬ ಮೇಯ್ಕೋತ ನಡೀತದ ಯವ್ವಾ. ತಲಿ ಕೆಳಗ ಹಾಕಿದಾಗ ಹೇರು ಕುತ್ತಿಗಿ ಮ್ಯಾಲ ಜಾರಬಾರದಂತ ನಾವು ಮುಂದ ಉಣ್ಣಿ ಹೆಚ್ಚಿಗಿ ತುಂಬತೀವಿ. ನಮ್ಮವ್ವ ಹಾಂಗೇ ಕಲಿಸ್ಯಾಳ. ಮಿಲ್ಟ್ರಿ ಖಚ್ಚರು ಮೇಯ್ಕೋತ ಹೋಗ್ತದೇನು?"

"ಇಲ್ಲ ಕಾಕಿ. ಹುಲ್ಲಿಗಿ ಬಾಯಿ ಹಾಕಿದ್ರ ಬೈತಾರ."

"ಹಂಗಾರ ಆ ಉಣ್ಣಿ ಗುಡ್ಡಿ ಏನ್ ಕೆಲಸಕ್ಕ? ಇಳಿವಾಗ ಎಲ್ಲಾ ಭಾರ ಅದರ ಮ್ಯಾಲೇ ಬರ್ತದ. ತಾ ಕತ್ರಿ."

ತಾನು ಹೊಲಿದದ್ದನ್ನು ಅವಳು ಅಲ್ಲೇ ಕೂತು ಬಿಚ್ಚಿದಳು. ಮುಂದಿನ ಉಣ್ಣೆ ತೆಗೆದು ಮಗ್ಗುಲಿಗೆ ಸರಿಸಿದಳು, ಬೆನ್ನೆಲುಬಿನ ಉದ್ದಕ್ಕೂ ಗಾಳಿಯಾಡುವ ಹಾಗೆ ಜಾಗ ಬಿಟ್ಟಳು. ಹಾಗಾದರೆ ಇಳುಕಲಿನಲ್ಲಿ ಹೊರೆಯನ್ನು ತಡೆಯುವವರು ಯಾರು? ಅದಕ್ಕೆ ಉತ್ತರ ದೀಪಾಲಿಯ ಬಳಿ ಇತ್ತು. ಬ್ರೇಕ್ ಹಾಕಿದಾಗ ಸಾಮಾನು ಕ್ಯಾಬಿನ್ನಿಗೆ ಬಡಿಯದಂತೆ ಲಾರಿಯಲ್ಲಿ ಹೊರೆಯನ್ನು ಹಿಂದಿನಿಂದ ಎಳೆದು ಬಿಗಿಯುತ್ತಾರೆ. ಅದೇ ರೀತಿ ಅವಳು ಪ್ರಾಣಿಯ ಹಿಂದೊಡೆಯ ಸುತ್ತ ಬರುವ ಅಗಲವಾದ ಪಟ್ಟಿಯನ್ನು ಇನ್ನಷ್ಟು ಕೆಳಗಿಳಿಸಿ, ಅದರ ಬಿಗಿತ ನಡೆನಡೆಯುತ್ತಲೇ ಸರಿಪಡಿಸಲು ಬರುವ ಹಾಗೆ ಹೊಲಿದಳು. ಸೇನೆ ಕೊಟ್ಟ ಅಳತೆ ತೂಕಗಳನ್ನು ಎಲ್ಲೂ ಮೀರಲಿಲ್ಲ. ಟಿಪ್ಪರ್ ಹತ್ತಿಳಿದು ಬಂದ ಕುದುರೆಯ ಬೆನ್ನ ಮೇಲೆ ಈಗ ಹಳದಿ ಎಲ್ಲ ಕಡೆ ತೆಳ್ಳಗೆ ಹರಡಿತ್ತು. ಗಯಾಸುದ್ದೀನ್ ಹಾರ್ನ್ ಹೊಡೆದೇ ಹೊಡೆದ.

ಎರಡನೆಯ ಪರೀಕ್ಷೆಗೆ ದೀಪಾಲಿ ಸುಮನಬಾಯಿಯನ್ನು ಕಂಪನಿಯ ಪ್ರತಿನಿಧಿಯೆಂದು ಹೆಸರು ಕೊಟ್ಟು ಕರೆದೊಯ್ದಳು. ಚಳಿಗೆ ಕಂಬಳಿ ಹೊದ್ದು ನಿಂತ ಅವಳು, ಎದುರು ಬೆಟ್ಟದಿಂದ ಹೇಸರಗತ್ತೆಗಳು ಇಳಿಯುವುದನ್ನು ರೆಪ್ಪೆ ಬಡಿಯದೆ ನೋಡಿದಳು. ಹುಮನಾಬಾದಿನ ಖೋಗೀರ ಹೊತ್ತ ಪ್ರಾಣಿ ಒಮ್ಮೆಯೂ ಕುತ್ತಿಗೆ ಝಾಡಿಸಲಿಲ್ಲ. ಅದು ಹತ್ತಿರ ಬಂದೊಡನೆ ಅವಳು ಬೆನ್ನು ಮುಟ್ಟಲು ಮುಂದಾದಳು.

"ಮಾತಾಜಿ, ಡಾಕ್ಟರ್ ನೋಡುವ ತನಕ ಯಾರೂ ಮುಟ್ಟುವ ಹಾಗಿಲ್ಲ," ಎಂದರು ಮೇಜರ್ ಅಜೀತ.

ದೀಪಾಲಿ ಅದನ್ನು ಕನ್ನಡದಲ್ಲಿ ಹೇಳಿದಳು. "ಮುಟ್ಟೂದಿಲ್ಲ ಬಿಡಪ್ಪಾ," ಎಂದಳು ಸುಮನಬಾಯಿ. "ಮುಟ್ಟೂದು ಏನದ, ಕಣ್ಣಿಗೇ ಕಾಣಾಕತ್ತದ."

ಪಶುವೈದ್ಯರು ಖೋಗೀರ ತೆಗೆಸಿದರು. ಬೆವರಿನ ಗುರುತು ಎರಡೂ ಮಗ್ಗುಲಿಗೆ ಒಂದೇ ಸಮ ಇತ್ತು. ಹೆಗಲ ದಿಬ್ಬದ ಕೂದಲು ಕೂಡ ಕೆದರಿರಲಿಲ್ಲ. ಈ ಸಲ ಅವರು ಬೆರಳಿಂದ ಒತ್ತಿ ಒತ್ತಿ ನೋಡಿದರು. ಪ್ರಾಣಿ ಮಿಸುಕದೆ ನಿಂತಿತ್ತು. "ಗಾಯವಿಲ್ಲ, ಊತವಿಲ್ಲ. ಪಾಸು," ಎಂದರು.

ಸುಮನಬಾಯಿ ದೀಪಾಲಿಯ ಬೆನ್ನಿಗೆ ಜೋರಾಗಿ ಒಂದು ಗುದ್ದಿದಳು. "ತಾಡಪತ್ರಿ ಹೊಲಿಯಾಕಿ!" ಎಂದು ನಕ್ಕಳು. ದೀಪಾಲಿಯೂ ನಕ್ಕಳು, ಕಣ್ಣು ತುಂಬಿ ಎದುರಿನ ಬೆಟ್ಟ ಮಸುಕಾಯಿತು.

ಬಕ್ಕಲು ಬದಲಿಸಿಕೊಂಡಿದ್ದ ಇನ್ನೊಂದು ಕಂಪನಿಯೂ ಪಾಸಾಯಿತು. ದರಗಳನ್ನು ಆನ್‌ಲೈನಿನಲ್ಲಿ ತೆರೆದಾಗ ಹುಮನಾಬಾದಿನದು ಕಡಿಮೆ ಇತ್ತು, ಆರ್ಡರ್ ಬಂತು. ಮೊದಲ ಕಂತು ಸಿದ್ಧವಾದಾಗ ಸೇನೆಯ ತಪಾಸಣಾಧಿಕಾರಿ ಕಾರ್ಖಾನೆಗೆ ಬಂದು, ರಾಶಿಯ ನಡುವಿನಿಂದ ತಾನೇ ಕೆಲವು ಖೋಗೀರ ಎಳೆದು, ಹೊಲಿಗೆ ಬಿಚ್ಚಿಸಿ, ಉಣ್ಣೆ ತೂಗಿಸಿ ನೋಡಿದ. ಉಳಿದವುಗಳ ಮೇಲೆ ಒಪ್ಪಿಗೆಯ ಮುದ್ರೆ ಬಿತ್ತು. ಅದೇ ಮಧ್ಯಾಹ್ನ ಲಾರಿ ಉತ್ತರಕ್ಕೆ ಹೊರಟಿತು.