ಗೇರು ಮರಕ್ಕೆ ಕಟ್ಟಿದ ಕಯಾಕ್

ನಾನು ಒಂದು ಕಯಾಕ್. ಒಬ್ಬರೇ ಕೂತು, ಹುಟ್ಟು ಹಾಕುತ್ತಾ ಗಾಳ ಬಿಡುವ ಪ್ಲಾಸ್ಟಿಕ್ ದೋಣಿ. ನನ್ನನ್ನು ಯಾರೂ ಕೆತ್ತಿ ಮಾಡಿದ್ದಲ್ಲ. ಯಾವುದೋ ದೂರದ ಊರಿನ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಪುಡಿಯನ್ನು ಕಬ್ಬಿಣದ ಅಚ್ಚಿಗೆ ಸುರಿದು, ಬಿಸಿಯಲ್ಲಿ ಗರಗರ ತಿರುಗಿಸಿದರು. ತಣ್ಣಗಾದ ಮೇಲೆ ಅಚ್ಚು ಬಿಚ್ಚಿದರೆ ಒಳಗೆ ನಾನಿದ್ದೆ. ಅರಿಶಿನದ ಬಣ್ಣ, ಹೊಟ್ಟೆಯೆಲ್ಲ ಪೊಳ್ಳು. ಪೊಳ್ಳಾಗಿರುವುದಕ್ಕೇ ತೇಲುತ್ತೇನೆ. ಯಾರು ಅತ್ತರೂ ನಕ್ಕರೂ ನನಗೆ ಅಷ್ಟಾಗಿ ತಟ್ಟುವುದಿಲ್ಲ. ಅದಕ್ಕೂ ಅದೇ ಕಾರಣವಿರಬೇಕು.

ಮೊದಲು ನಾನು ಪ್ರವಾಸಿಗರನ್ನು ಹೊಳೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಸುತ್ತಿಸುವವರ ಕೈಯಲ್ಲಿದ್ದೆ. ಬಂದವರೆಲ್ಲ ನನ್ನ ಮೇಲೆ ಕೂತು ಫೋಟೋ ಹೊಡೆಸಿಕೊಂಡರು. ಮೀನು ಹಿಡಿದವರು ಒಬ್ಬರೂ ಇಲ್ಲ. ಆ ವ್ಯಾಪಾರ ಮುಚ್ಚಿತು. ನನ್ನನ್ನು ಗಂಗೊಳ್ಳಿ ಹೊಳೆಬದಿಯ ದಿನಕರ ಕೊಂಡುಕೊಂಡ.

ದಿನಕರ ಆಳಸಮುದ್ರದ ಬೋಟಿನಲ್ಲಿ ಬಲೆ ಎಳೆಯುವವನು. ರಾಶಿ ರಾಶಿ ಮೀನು ಕಂಡು ಮನೆಗೆ ಬಂದವನಿಗೆ ರಜೆಯಲ್ಲೂ ಮೀನೇ ಬೇಕು, ಅದೂ ಗಾಳಕ್ಕೆ ಸಿಗುವ ಒಂದೇ ಒಂದು ಕಾಣೆ ಮೀನು. ಹುಚ್ಚಲ್ಲದೆ ಮತ್ತೇನು! ಅವನ ಅಪ್ಪ ಶೀನ ಮರಕಾಲರು ಜೀವಮಾನವೆಲ್ಲ ಮರದ ದೋಣಿಯಲ್ಲಿ ಕಳೆದವರು. ನನ್ನನ್ನು ಬೆರಳಿನಿಂದ ಟಕಟಕ ಬಡಿದು ನಕ್ಕರು.

"ಇದ್ ದೋಣಿಯಾ, ದನಿನ್ ಅಕ್ಕಚ್ಚಿನ ಬಾನಿಯಾ ಮಾರಾಯ?"

ಮನೆಯೊಳಗೆ ನನಗೆ ಜಾಗವಿರಲಿಲ್ಲ. ಮಳೆಯಾಗಲಿ ಬಿಸಿಲಾಗಲಿ ಅಂಗಳದಾಚೆಯ ಗೇರು ಮರದ ಬುಡವೇ ನನ್ನ ಮನೆಯಾಯಿತು. ತೆಂಗಿನ ಮರದ ಕೆಳಗೆ ಬೇಡವೆಂದ ದಿನಕರ. ಕಾಯಿ ಬಿದ್ದರೆ ನನ್ನ ಕಥೆ ಮುಗಿದಂತೆ. ನನ್ನನ್ನು ಮಲಗಿಸಲು ನಾಲ್ಕು ಕಾಲಿನ ಎರಡು ಮರದ ಕುದುರೆ ಮಾಡಿ, ಅವುಗಳಿಗೆ ಹಳೇ ಟಯರು ಸುತ್ತಿ, ನನ್ನನ್ನು ಕವುಚಿ ಮಲಗಿಸಿದ. ಹೆಂಡತಿ ವನಜಳನ್ನು ಕರೆದು ಪಾಠ ಹೇಳಿದ.

"ಬಿಸ್ಲಿಗ್ ಇಡೂಕಾಗ. ಹಗ್ಗ ಬಿಗಿಯಾಯಿ ಕಟ್ಟೂಕಾಗ, ಮೈ ಒತ್ತಿ ಹೋತ್ತ್. ಸಡ್ಲ ಇರ್ಕ್."

ಆಮೇಲೆ ನನ್ನ ಮೂತಿಯ ತೂತಿನಲ್ಲಿ ಸರಪಳಿ ತೂರಿಸಿ, ಅದನ್ನು ಮರದ ಕವಲಿಗೆ ಸುತ್ತಿ, ಹಿತ್ತಾಳೆ ಬಣ್ಣದ ಬೀಗ ಜಡಿದ. ಅದಕ್ಕೆ ಎರಡು ಕೀ. ಒಂದು ವನಜಳಿಗೆ. ಇನ್ನೊಂದನ್ನು ತನ್ನ ಉಡಿದಾರಕ್ಕೆ ಕಟ್ಟಿಕೊಂಡ.

ಆ ಕೀ ಕಟ್ಟಿಕೊಂಡೇ ಅವನು ಬೋಟಿಗೆ ಹೋದ. ಬೋಟು ಬಂತು. ಅವನು ಬರಲಿಲ್ಲ. ಬಲೆ ಎಳೆಯುವಾಗ ನೀರಿಗೆ ಬಿದ್ದನಂತೆ. ಹುಡುಕಿದರು, ಸಿಗಲಿಲ್ಲ.

ಮನೆಯಲ್ಲಿ ಗೋಳು ಎದ್ದಿತು, ತಣ್ಣಗಾಯಿತು. ವನಜ ಮಾತ್ರ ಅಳಲಿಲ್ಲ. ನೆಂಟರು ಹೋದ ಮರುದಿನ ಬೆಳಿಗ್ಗೆ ಬಂದು ನನ್ನ ಮೈಮೇಲಿನ ಗೇರೆಲೆ ಗುಡಿಸಿದಳು. ಹಗ್ಗ ಸಡಿಲವಿದೆಯೇ ಎಂದು ಬೆರಳು ತೂರಿಸಿ ನೋಡಿದಳು. ಬೀಗಕ್ಕೆ ಒಂದು ಹನಿ ತೆಂಗಿನೆಣ್ಣೆ ಬಿಟ್ಟಳು. ಆಮೇಲೆ ಅದೇ ಅವಳ ಕೆಲಸ. ಮಳೆಗಾಲಕ್ಕೆ ಮೊದಲು ಟಾರ್ಪಾಲು, ಮಳೆ ನಿಂತ ಮೇಲೆ ಪಾಚಿ ಉಜ್ಜುವುದು, ಬೇಸಿಗೆಗೆ ತೆಂಗಿನ ಮಡಲಿನ ಚಪ್ಪರ. ನನ್ನಡಿಯಲ್ಲಿ ಕೋಳಿ ಮೊಟ್ಟೆಯಿಟ್ಟರೆ ತೆಗೆದುಕೊಂಡು ಹೋಗುವಳು. ಮುಖದಲ್ಲಿ ಖುಷಿಯೂ ಇಲ್ಲ, ದುಃಖವೂ ಇಲ್ಲ. ನಾವಿಬ್ಬರೂ ಒಂದೇ ಜಾತಿ ಅನ್ನಿಸುತ್ತಿತ್ತು ನನಗೆ.

ಉಪ್ಪುಗಾಳಿಗೆ ಬೀಗ ತುಕ್ಕು ಹಿಡಿಯಿತು. ಕೀ ತಿರುಗಿಸಲು ಅವಳು ಎರಡು ಕೈಯನ್ನೂ ಹಾಕಬೇಕಾಯಿತು.

"ಹೊಸ ಬೀಗ ತಂದ್ ಹಾಕುವ ಹೆಣೆ," ಎಂದರು ಮರಕಾಲರು ಸೊಸೆಗೆ.

"ಬ್ಯಾಡ ಮಾವ. ಅವ್ರ್ ಹತ್ರ ಇಪ್ಪುದ್ ಈ ಬೀಗದ್ ಕೀ."

ಮುದುಕರು ಎದ್ದು ಒಳಗೆ ಹೋದರು.

ಮುಂದಿನ ಬೇಸಿಗೆ ಅಂತಿಂಥದ್ದಲ್ಲ. ಗಾಳಿಗೆ ಚಪ್ಪರ ಹಾರಿತ್ತು. ವನಜ ಮೀನು ಮಾರಲು ಪೇಟೆಗೆ ಹೋಗಿದ್ದಳು. ಮರಕಾಲರು ನನ್ನ ಕಾದ ಮೈ ಮುಟ್ಟಿ ನೋಡಿ, "ಅಯ್ಯಯ್ಯೋ, ಬಿರಿತ್ತಲ್ಲೆ ಇದ್!" ಎಂದರು. ಬೇಸಿಗೆಯಲ್ಲಿ ಮರದ ದೋಣಿ ದಡದಲ್ಲಿ ಸುಮ್ಮನೆ ಬಿದ್ದಿದ್ದರೆ ಹಲಗೆಗಳು ಒಣಗಿ ಸಂದು ಬಿಡುತ್ತವೆ. ಆಗ ದೋಣಿಯ ತುಂಬ ನೀರು ತುಂಬಿಸಿಡುತ್ತಾರೆ; ಮರ ಉಬ್ಬಿ ಸಂದು ಮುಚ್ಚುತ್ತದೆ. ಅವರ ಕೈಗೆ ಗೊತ್ತಿದ್ದ ಮದ್ದು ಅದೊಂದೇ. ಹಗ್ಗ ಬಿಚ್ಚಿ ನನ್ನನ್ನು ಅಂಗಾತ ಮಾಡಿದರು. ಕೂರುವ ಜಾಗದ ಹಿಂದಿನ ಮುಚ್ಚಳ ತಿರುಗಿಸಿ ತೆಗೆದರು. ಬಾವಿಯಿಂದ ಕೊಡಪಾನದಲ್ಲಿ ನೀರು ತಂದು ತಂದು ನನ್ನ ಹೊಟ್ಟೆಗೆ ಸುರಿದರು. ಬೆವರು ಒರೆಸಿಕೊಂಡು, "ಕುಡಿ ಮಗಾ, ಕುಡಿ," ಎಂದರು.

ಪ್ಲಾಸ್ಟಿಕ್ಕು ಉಬ್ಬುತ್ತದೆಯೇ? ಬಿಸಿಲಿಗೆ ಮೆತ್ತಗಾಗಿದ್ದ ನನ್ನ ಹೊಟ್ಟೆ ಭಾರಕ್ಕೆ ಜೋತುಬಿತ್ತು. ಅಷ್ಟರಲ್ಲಿ ಮುಂದಿನ ಕುದುರೆಯ ಕಾಲು ಚಟ್ಟೆಂದು ಮುರಿಯಿತು. ನನ್ನ ಮೂತಿ ಸರಪಳಿಯಲ್ಲಿ ನೇತಾಡಿತು. ತೂತಿನ ಅಂಚು ಹರಿಯತೊಡಗಿತು.

ವನಜ ಬಂದಿದ್ದು ಆಗ. ಮೀನಿನ ಬುಟ್ಟಿ ಅಲ್ಲೇ ಎಸೆದು ಓಡಿಬಂದಳು.

"ಎಂತ ಮಾಡಿದ್ರಿ ಮಾವ! ಅವ್ರ್ ಬಂದ್ ಕೇಂಡ್ರೆ ನಾ ಎಂತ ಹೇಳೂದ್?"

ಕೀ ಹಾಕಿ ತಿರುಗಿಸಿದಳು. ಬೀಗ ಜಪ್ಪಯ್ಯ ಅನ್ನಲಿಲ್ಲ. ಇನ್ನೊಮ್ಮೆ ತಿರುಗಿಸಿದಾಗ ಕೀಯೇ ಬಾಗಿತು. ತೂತು ಇನ್ನಷ್ಟು ಹರಿಯಿತು. ಬೀಗ ಉಳಿದರೆ ನಾನು ಹೋಗುತ್ತೇನೆ, ನಾನು ಉಳಿಯಬೇಕಾದರೆ ಬೀಗ ಹೋಗಬೇಕು. ಅವಳು ಬಾಗಿದ ಕೀಯನ್ನು ಎಳೆದು ತೆಗೆದಳು. ಆಮೇಲೆ ಸೌದೆ ಒಡೆಯುವ ಕೊಡಲಿ ತಂದು, ಅದರ ಹಿಂಬದಿಯಿಂದ ಬೀಗಕ್ಕೆ ಬಡಿದಳು, ಬಡಿದಳು, ಬಡಿದಳು.

ಬೀಗ ಒಡೆಯಿತು. ನಾನು ಧೊಪ್ಪೆಂದು ನೆಲಕ್ಕೆ ಬಿದ್ದು ಮಗುಚಿಕೊಂಡೆ. ಹೊಟ್ಟೆಯ ನೀರೆಲ್ಲ ಅಂಗಳಕ್ಕೆ ಹರಿಯಿತು. ವನಜ ಒಡೆದ ಬೀಗವನ್ನು ಕೈಯಲ್ಲಿ ಹಿಡಿದು ಆ ಒದ್ದೆ ನೆಲದಲ್ಲೇ ಕೂತಳು.

"ಇನ್ನ್ ಅವ್ರ್ ಕೀ ಯಾವ್ದಕ್ಕೂ ಆತಿಲ್ಲೆ," ಎಂದು ಜೋರಾಗಿ ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಮರಕಾಲರು ಪಕ್ಕದಲ್ಲಿ ಕೂತರು. "ಅವ ಬತ್ತಿಲ್ಲೆ ಅಂದೇಳಿ ನಂಗ್ ಗೊತ್ತಿತ್ತ್ ಹೆಣೆ. ಅವ್ನ್ ದೋಣಿ ಆದ್ರೂ ಉಳೀಲಿ ಅಂದೇಳಿ ನೀರ್ ಹಾಕ್ದೆ," ಎಂದರು.

ಈಗ ನನಗೆ ವಯಸ್ಸಾಗಿದೆ. ಅರಿಶಿನ ಹೋಗಿ ಬೂದಿ ಬಣ್ಣ ಬಂದಿದೆ. ಹೊಟ್ಟೆಯ ಡೊಂಕು ನೆಟ್ಟಗಾಗಲೇ ಇಲ್ಲ; ನೀರಿಗಿಳಿಸಿದರೆ ಎಡಕ್ಕೇ ಎಳೆಯುತ್ತೇನೆ. ವನಜ ಉಬ್ಬರ ಇಳಿಯುವ ಹೊತ್ತಿಗೆ ನನ್ನನ್ನು ಹೊಳೆಗೆ ಒಯ್ದು ಏಡಿ ಬಲೆ ಇಡುತ್ತಾಳೆ. "ನೆಟ್ಟಗೆ ಹ್ವಾಪುಕ್ ಎಂತ ದಾಡಿ ನಿಂಗೆ?" ಎಂದು ನನ್ನನ್ನು ಬಯ್ಯುತ್ತಾಳೆ. ಬಯ್ಯಲಿ. ಅಷ್ಟಾದರೂ ಮಾತು ಬಂತಲ್ಲ.

ಮೊನ್ನೆ ಮಳೆಗಾಲಕ್ಕೆ ಮೊದಲು ಇಬ್ಬರೂ ಸೇರಿ ನನ್ನನ್ನು ಗೇರು ಮರದ ಬುಡದಲ್ಲಿ ಕವುಚಿದರು. ಮರಕಾಲರು ನೈಲಾನ್ ಹಗ್ಗ ಸುತ್ತಿ ಬಿಗಿಯಾಗಿ ಗಂಟು ಹಾಕಿದರು.

"ಬೀಗ ಬ್ಯಾಡ್ದಾ ಹೆಣೆ?" ಎಂದು ಕೇಳಿದರು.

"ಬ್ಯಾಡ ಮಾವ. ಈಗ ಅವ್ರ್ ಬಂದ್ರೂ ಕೀ ಬ್ಯಾಡ."

ಮರಕಾಲರು ಹಾಕಿದ ಗಂಟನ್ನು ಬಿಚ್ಚಿ, ಸ್ವಲ್ಪ ಸಡಿಲ ಮಾಡಿ ಕಟ್ಟಿದರು.