ನೇರಳಕುಂಟೆಯ ಹೊಗೆ ಲೆಕ್ಕ

ಅರವತ್ತೈದನೇ ಇಸವಿಯಲ್ಲಿ ಬಂಗಾರಪೇಟೆ ರೈಲ್ವೆ ಸ್ಟೇಷನ್ನಿನ ಹಿಂದಿನ ಹಳೇ ಛತ್ರದಲ್ಲಿ ಇಪ್ಪತ್ತು ಜನ ಹುಡುಗ ಹುಡುಗಿಯರಿಗೆ ಒಂದು ಪಾಠ ನಡೆಯುತ್ತಿತ್ತು. ಏನು ಪಾಠ ಅಂತೀರಿ? ಕೆರೆ ಒಡೆದಾಗ, ಬೆಂಕಿ ಬಿದ್ದಾಗ, ಗಣಿ ಕಡೆ ನೆಲ ನಡುಗಿ ಮನೆಗಳು ಕುಸಿದಾಗ, ಅಲ್ಲಿಗೆ ಹೋಗಿ ಯಾರಿಗೆ ಏನು ಬೇಕು ಅಂತ ಕೇಳಿ ಬರೆದುಕೊಂಡು ಬರುವ ಪಾಠ. ಹಸಿದವನಿಗೆ ಏನು ಬೇಕು ಅಂತ ತಿಳಿಯುವುದಕ್ಕೂ ಪಾಠ ಬೇಕೇ ಅಂತ ನಗಬೇಡಿ. ಬೇಕು. ಉರಿಗಾಂ ಕಡೆ ಮನೆ ಬಿದ್ದವರಿಗೆ ಯಾರೋ ಪುಣ್ಯಾತ್ಮರು ಗೋಡೆ ಗಡಿಯಾರ ಹಂಚಿ ಹೋಗಿದ್ದರು. ತಗುಲಿಹಾಕುವುದಕ್ಕೆ ಆ ಜನಕ್ಕೆ ಗೋಡೆಯೇ ಉಳಿದಿರಲಿಲ್ಲ. ಇದನ್ನು ಕಣ್ಣಾರೆ ಕಂಡ ರಾಬರ್ಟ್‌ಸನ್‌ಪೇಟೆಯ ಜವಳಿ ವ್ಯಾಪಾರಿ ಜಯರಾಮಪ್ಪನವರು ಒಂದು ಸೇವಾ ಸಮಿತಿ ಕಟ್ಟಿ, ತಾವೇ ಅದರ ಅಧ್ಯಕ್ಷರಾಗಿ, ಹದಿನೈದು ದಿನದ ಈ ಶಿಬಿರ ಇಟ್ಟಿದ್ದರು.

ಪಾಠ ಹೇಳುವವರು ಆದಿನಾರಾಯಣಯ್ಯ. ಹಿಂದೆ ಒಂದು ಪರಿಹಾರ ಸಂಘದ ಪರವಾಗಿ ಊರೂರು ತಿರುಗಿದವರು. ಬಿಳೀ ಜುಬ್ಬ, ಬೆಳ್ಳಿ ಕಟ್ಟಿನ ಕನ್ನಡಕ, ಕರೀ ಚರ್ಮದ ಚಪ್ಪಲಿ. ಅಡುಗೆ ಮಾಡಿ ಬಡಿಸುವವಳು ಮುತ್ಯಾಲಮ್ಮ, ಬೇತಮಂಗಲದ ಬಸ್ಸಿನ ದಾರಿಯಲ್ಲಿರುವ ನೇರಳಕುಂಟೆಯವಳು. ಮಾತು ಕಡಿಮೆ, ಕೈ ಚುರುಕು.

ಎರಡನೇ ದಿನ ಅವಳು ಮಜ್ಜಿಗೆ ಲೋಟಗಳನ್ನು ಹಿಡಿದು ಬಾಗಿಲಿಗೆ ಬಂದಾಗ, ಒಳಗಿನಿಂದ ಅವಳ ಊರಿನ ಹೆಸರು ಕೇಳಿಸಿತು. ನಿಂತಳು. ಆದಿನಾರಾಯಣಯ್ಯ ತಮ್ಮ ಜಾಣತನ ಹೇಳಿಕೊಳ್ಳುತ್ತಿದ್ದರು. ಹತ್ತು ವರ್ಷದ ಹಿಂದೆ ನೇರಳಕುಂಟೆ ಕೆರೆ ಒಡೆದಾಗ ಊರೆಲ್ಲ ಮೊಣಕಾಲುದ್ದ ಕೆಸರು. ತಾವು ಸಂಜೆ ಹೊತ್ತು ಕೆರೆ ಏರಿಯ ಮೇಲೆ ನಿಂತು, ಅಡುಗೆ ಹೊಗೆ ಎಣಿಸಿದರಂತೆ. ಮೂವತ್ತೊಂದು ಹೊಗೆ, ಅಂದರೆ ಮೂವತ್ತೊಂದು ಸಂಸಾರ. ಹೊಗೆ ಏಳದ ಮನೆಯಲ್ಲಿ ಜನ ಇಲ್ಲ, ನೆಂಟರ ಊರಿಗೆ ಹೋಗಿದ್ದಾರೆ ಅಂತ ಬರೆದು, ಮೂವತ್ತೊಂದು ಮನೆಗೆ ರಾಗಿ ಕಳಿಸಿದರಂತೆ. ಹತ್ತೇ ನಿಮಿಷದ ಕೆಲಸ, ಚಪ್ಪಲಿ ಸಹ ಒದ್ದೆಯಾಗಲಿಲ್ಲ ಅಂದರು. ಹುಡುಗರು ನಕ್ಕರು. ಬರೆದುಕೊಂಡರು.

ಮುತ್ಯಾಲಮ್ಮ ಲೋಟಗಳನ್ನು ಹೊಸ್ತಿಲ ಮೇಲೆ ಇಳಿಸಿದಳು.

ಅವಳಿಗೆ ಆ ಸಂಜೆ ನೆನಪಿತ್ತು. ಎಲ್ಲಿ ಮರೆತಾಳು? ಕೆಳಗೇರಿಯ ಇಪ್ಪತ್ತಾರು ಮನೆಗಳಿಗೂ ನೀರು ನುಗ್ಗಿತ್ತು. ಸೌದೆ ನೆಂದು ಮುದ್ದೆಯಾಗಿತ್ತು, ರಾಗಿ ನೆಂದು ಹುಳಿವಾಸನೆ ಹಿಡಿದಿತ್ತು, ಒಲೆಗಳು ಕರಗಿ ಮಣ್ಣಾಗಿದ್ದವು. ಹೊಗೆ ಎಲ್ಲಿಂದ ಏಳಬೇಕು? ಹೊಗೆ ಎದ್ದದ್ದು ಎತ್ತರದಲ್ಲಿದ್ದ ಮೇಲುಗೇರಿಯಲ್ಲಿ, ಒಣ ಸೌದೆ, ಒಣ ರಾಗಿ ಎರಡೂ ಇದ್ದವರ ಮನೆಯಲ್ಲಿ. ಏರಿಯ ಮೇಲೆ ಬಿಳೀ ಜುಬ್ಬದವನೊಬ್ಬ ನಿಂತು ಗಾಳಿಯಲ್ಲಿ ಬೆರಳು ಆಡಿಸುವುದನ್ನು ಮುತ್ಯಾಲಮ್ಮ ಸೂರಿನ ಮೇಲಿಂದ ನೋಡಿದ್ದಳು. ಸೆರಗು ಬೀಸಿದ್ದಳು, ಕೂಗಿದ್ದಳು. ಅವನು ಬೆರಳು ಮಡಚಿ ಹೊರಟುಹೋದ. ರಾಗಿ ಮೇಲುಗೇರಿಗೆ ಬಂತು. ಕೆಳಗೇರಿಯ ಹೆಸರೇ ಪಟ್ಟಿಯಲ್ಲಿಲ್ಲ ಅಂದರು. ಕೊಳೆತ ರಾಗಿ ಹಸಿಹಸಿಯಾಗಿ ತಿಂದು ನಾಲ್ಕು ವರ್ಷದ ಮಗಳು ಕನಕಳಿಗೆ ಹೊಟ್ಟೆ ಕೆಟ್ಟಿತು. ಒಂಬತ್ತನೇ ದಿನ ಮಗು ಹೋಯಿತು. ಆ ಮನುಷ್ಯ ಗಾಳಿಯಲ್ಲಿ ಏನು ಎಣಿಸುತ್ತಿದ್ದ ಅನ್ನೋದು ಮಾತ್ರ ಅವಳಿಗೆ ಹತ್ತು ವರ್ಷ ತಿಳಿದಿರಲಿಲ್ಲ. ಈಗ ತಿಳಿಯಿತು.

ಆ ರಾತ್ರಿ ಊಟಕ್ಕೆ ಆದಿನಾರಾಯಣಯ್ಯ ಸಾರು ಚೆನ್ನಾಗಿದೆ ಅಂತ ಎರಡು ಸಲ ಹಾಕಿಸಿಕೊಂಡರು. ಅವಳು ಬಡಿಸಿದಳು. ಆ ಕುದಿಯುವ ಸಾರನ್ನು ಆ ಮುಖದ ಮೇಲೆ ಸುರಿಯಬೇಕು ಅನ್ನಿಸಿದ್ದು ನಿಜ. ಆದರೆ ಸುಟ್ಟ ಮುಖ ಹದಿನೈದು ದಿನಕ್ಕೆ ವಾಸಿಯಾಗುತ್ತೆ, ಅಷ್ಟಕ್ಕೆ ಇವನನ್ನು ಬಿಡಬಾರದು ಅಂದುಕೊಂಡಳು. ಬೇರೇನೋ ಮಾಡಬೇಕಿತ್ತು. ಹಲ್ಲು ಕಚ್ಚಿಕೊಂಡು, ಬಾಯಿಗೆ ಬೆಣ್ಣೆ ಹಚ್ಚಿಕೊಂಡು, ಎಲೆ ಎತ್ತುವ ಹೊತ್ತಿಗೆ ಮಾತಾಡಿದಳು.

"ನೇರಳಕುಂಟೆ ನಮ್ಮೂರೇ ಸ್ವಾಮಿ. ಮೇಲುಗೇರಿಯೋರು ಇವತ್ತಿಗೂ ನಿಮ್ಮನ್ನ ನೆನೀತಾರೆ. ಆ ಲೆಕ್ಕ ಎಂಗೆ ಮಾಡಿದ್ರಿ ಅಂತ ಈ ಮಕ್ಕಳಿಗೆ ಅಲ್ಲೇ ಒಂದ್ಸಲ ತೋರಿಸ್ಬಾರ್ದಾ?"

ಮನುಷ್ಯ ಉಬ್ಬಿಹೋದ. ಮಾರನೆಯ ದಿನವೇ ಜಯರಾಮಪ್ಪನವರಿಗೆ ಹೇಳಿ ಕಳಿಸಿದ. ಆರನೇ ದಿನ ಸಂಜೆ ಎಲ್ಲರೂ ನೇರಳಕುಂಟೆಗೆ ಹೋಗುವುದು, ಅಧ್ಯಕ್ಷರೂ ಬರುವುದು, ಊಟದ ಏರ್ಪಾಟಿಗೆ ಮುತ್ಯಾಲಮ್ಮ ಒಂದು ದಿನ ಮುಂಚೆ ಹೋಗುವುದು ಅಂತ ಗೊತ್ತಾಯಿತು.

ಊರಿಗೆ ಬಂದವಳು ನೇರವಾಗಿ ಅಕ್ಕಯ್ಯಮ್ಮನ ಮನೆಗೆ ಹೋದಳು. ಅಕ್ಕಯ್ಯಮ್ಮ ಕೆಳಗೇರಿಗೆಲ್ಲ ಹಿರಿಯಳು, ಕೆರೆ ಒಡೆದ ವರ್ಷ ಗಂಡನನ್ನು ಕಳಕೊಂಡವಳು. ಹೊಗೆಯ ಕತೆ ಕೇಳಿ ಮುದುಕಿ ಎಲೆ ಅಡಿಕೆ ಉಗಿದು, ಏನು ಮಾಡಬೇಕು ಹೇಳಮ್ಮಿ ಅಂದಳು. ನಾಳೆ ಮಧ್ಯಾಹ್ನವೇ ಅಡುಗೆ ಮುಗಿಸಿ, ಸಂಜೆ ಕೆಳಗೇರಿಯಲ್ಲಿ ಯಾರೂ ಒಲೆ ಹಚ್ಚಬಾರದು, ಬಾಗಿಲು ಹಾಕಿಕೊಂಡು ಒಳಗೆ ಇರಬೇಕು. ಇಷ್ಟೇ ಕೇಳಿದಳು ಮುತ್ಯಾಲಮ್ಮ. ಇಪ್ಪತ್ತಾರು ಮನೆಯಲ್ಲಿ ಒಬ್ಬರೂ ಆಗಲ್ಲ ಅನ್ನಲಿಲ್ಲ. ಮುತ್ಯಾಲಮ್ಮನ ಮೈದುನ ಶ್ರೀರಾಮಪ್ಪ ಊರಿನ ನೀರುಗಂಟಿ, ಕೆರೆ ನೀರು ಗದ್ದೆಗೆ ಬಿಡುವ ಕೆಲಸ ಅವನದು. ಅವನು ಆ ರಾತ್ರಿ ತೂಬು ಎತ್ತಿ ಏರಿಯ ಕೆಳಗಿನ ದಾರಿಗೆಲ್ಲ ನೀರು ಹರಿಸಿ, ಬೆಳಗಾಗುವುದರೊಳಗೆ ಮೊಣಕಾಲುದ್ದ ಕೆಸರು ಮಾಡಿಕೊಟ್ಟ.

ಮಾರನೆಯ ಸಂಜೆ ಏರಿಯ ಮೇಲೆ ಜಯರಾಮಪ್ಪನವರಿಗೆ ಕುರ್ಚಿ ಹಾಕಿತ್ತು. ಆದಿನಾರಾಯಣಯ್ಯ ಅದೇ ಜಾಗದಲ್ಲಿ ನಿಂತು, ಅದೇ ಬೆರಳು ಎತ್ತಿ ಎಣಿಸಿದರು. ಮೇಲುಗೇರಿಯಲ್ಲಿ ಮೂವತ್ತನಾಲ್ಕು ಹೊಗೆ. ಕೆಳಗೇರಿ ಅಷ್ಟೂ ಖಾಲಿ, ಪಾಪ ಜನ ಗಣಿ ಕೆಲಸಕ್ಕೆ ವಲಸೆ ಹೋಗಿರಬೇಕು ಅಂದರು. ದೂರದ ಹೊಂಗೆ ಮರದ ಹತ್ತಿರ ಒಂದು ಸಣ್ಣ ಹೊಗೆ ಇತ್ತು. ಅದೊಂದು ಒಂಟಿ ಮನೆ ಅಂತ ಸೇರಿಸಿ, ಒಟ್ಟು ಮೂವತ್ತೈದು ಸಂಸಾರ ಅಂದರು. ಮನೆಗಳನ್ನು ಹಂಚಿಕೊಂಡು ಹೋಗಿ ಫಾರಂ ತುಂಬಿ ಬನ್ನಿ ಅಂದರು. ಹೊಂಗೆ ಮರದ ಮನೆ ವರಲಕ್ಷ್ಮಮ್ಮನ ಪಾಲಿಗೆ ಬಂತು. ಬೇತಮಂಗಲದ ಹುಡುಗಿ, ಹೊಸದಾಗಿ ಟೀಚರ್ ಆಗಿದ್ದವಳು.

ಸೀರೆ ಎತ್ತಿ ಕಟ್ಟಿ ಕೆಸರು ದಾಟಿ ಹೋದ ವರಲಕ್ಷ್ಮಮ್ಮನಿಗೆ ಅಲ್ಲಿ ಮನೆ ಕಾಣಿಸಲಿಲ್ಲ. ಮರದ ಬುಡದಲ್ಲಿ ಕಲ್ಲು ಪೇರಿಸಿದ ಒಂದು ಪುಟ್ಟ ಗುಡ್ಡೆ ಇತ್ತು. ಅದರ ಪಕ್ಕ ಮೂರು ಕಲ್ಲಿನ ಒಲೆಗೆ ಹಸಿ ಸೊಪ್ಪು ಹಾಕಿಕೊಂಡು ಮುತ್ಯಾಲಮ್ಮ ಕೂತಿದ್ದಳು. ಫಾರಮ್ಮಿನಲ್ಲಿ ಇರೋದನ್ನೆಲ್ಲ ಕೇಳು ತಾಯಿ ಅಂದಳು. ಹುಡುಗಿ ಕೇಳಿದಳು. ಉತ್ತರ ಕೇಳುತ್ತ ಕೇಳುತ್ತ ಅವಳ ಪೆನ್ನು ನಿಂತುಹೋಯಿತು. ಅರ್ಧ ದಾರಿಗೆ ವಾಪಸು ಬಂದು, ಏರಿಯ ಮೇಲಿದ್ದವರಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದಳು.

"ಸರ್, ಮನೆಯಲ್ಲಿ ಒಬ್ಬಳೇ ಇದ್ದಾಳೆ. ಹೆಸರು ಕನಕ. ನಾಲ್ಕು ವರ್ಷ. ಹತ್ತು ವರ್ಷದಿಂದ ನಾಲ್ಕೇ ವರ್ಷ. ಮಿಕ್ಕಿದ್ದನ್ನು ನೀವೇ ಬಂದು ಬರೀಬೇಕಂತೆ."

ಆ ಮಾತಿಗೇ ಕಾಯುತ್ತಿದ್ದ ಅಕ್ಕಯ್ಯಮ್ಮ ಬಾಗಿಲು ತೆಗೆದಳು. ಅವಳ ಹಿಂದೆ ಕೆಳಗೇರಿಯ ಉಳಿದ ಬಾಗಿಲುಗಳೂ ತೆರೆದವು. ಖಾಲಿ ಅಂದ ಮನೆಗಳಿಂದ ಗಂಡಸರು, ಹೆಂಗಸರು, ಕಂಕುಳಲ್ಲಿ ಕೂಸುಗಳು, ಗೋಡೆ ಹಿಡಿದು ಬರುವ ಮುದುಕರು, ನೂರಕ್ಕೂ ಮೇಲೆ ಜನ ಹೊರಬಂದು ಏರಿಯ ಕಡೆ ಮುಖ ಮಾಡಿ ನಿಂತರು. ಜಯರಾಮಪ್ಪನವರು ಕುರ್ಚಿಯಿಂದ ಎದ್ದು, ಇವರನ್ನೇನು ಹತ್ತು ವರ್ಷದ ಹಿಂದೆ ನೀವು ಇಲ್ಲ ಅಂತ ಬರೆದದ್ದು ಅಂತ ಕೇಳಿದರು. ಆದಿನಾರಾಯಣಯ್ಯ ಕನ್ನಡಕ ತೆಗೆದು ಒರೆಸತೊಡಗಿದರು. ಇಳಿಯಿರಿ ಅಂದರು ಅಧ್ಯಕ್ಷರು.

ಇಳಿದರು. ಮೊದಲ ಹೆಜ್ಜೆಗೇ ಒಂದು ಚಪ್ಪಲಿ ಕೆಸರಿನಲ್ಲಿ ಹೂತುಕೊಂಡಿತು, ನಾಲ್ಕನೇ ಹೆಜ್ಜೆಗೆ ಇನ್ನೊಂದು. ಬಿಳೀ ಪಂಚೆ ತೊಡೆಯವರೆಗೆ ಕೆಸರಾಯಿತು. ಮುತ್ಯಾಲಮ್ಮ ಪ್ರತಿ ಹೆಜ್ಜೆಯನ್ನೂ ಕಣ್ಣು ತುಂಬ ನೋಡಿದಳು. ಸುಳ್ಳು ಯಾಕೆ ಹೇಳಬೇಕು, ಅವಳಿಗೆ ಹಿತವಾಯಿತು.

ಬಂದವರು ಆ ಕಲ್ಲಿನ ಗುಡ್ಡೆಯ ಮುಂದೆ ಕೂತರು. ತಪ್ಪಾಯಿತು ತಾಯಿ ಅಂತ ಅಳುತ್ತ ಎರಡೂ ಕೈ ಎತ್ತಿದರು. ಅಳು ನಿಜವೇ ಇರಬಹುದು. ಅದನ್ನು ಒರೆಸುವುದು ಅವಳ ಕೆಲಸವಾಗಿರಲಿಲ್ಲ.

"ಕೈ ಇಳಿಸಿ ಸ್ವಾಮಿ," ಅಂದಳು. "ತಪ್ಪಾಯ್ತು ಅಂತ ಬರಿಯಾಕೆ ಆ ಫಾರಮ್ಮಲ್ಲಿ ಜಾಗ ಇಲ್ಲ. ಏನು ಬೇಕಿತ್ತು ಅಂತ ಕೇಳ್ತೈತೆ, ಅದನ್ನ ಬರೀರಿ. ಒಂದು ಹೊರೆ ಒಣ ಸೌದೆ. ಒಂದು ಸೇರು ರಾಗಿ. ಅಷ್ಟೇಯ."

ಬರೆದರು. ಆಮೇಲೆ ಕೆಳಗೇರಿಯ ಒಂದೊಂದು ಬಾಗಿಲಿಗೂ ಬರಿಗಾಲಲ್ಲಿ ಹೋಗಿ, ಆ ವರ್ಷ ಆ ಮನೆಯಲ್ಲಿ ಏನು ಬೇಕಿತ್ತು, ಯಾರು ಹೋದರು ಅಂತ ಕೇಳಿ ಬರೆದರು. ಅಕ್ಕಯ್ಯಮ್ಮ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದಳು, ಹುಟ್ಟಿದ ಮೇಲೆ ಮೊದಲ ಸಲ. ಒಟ್ಟು ಏಳು ಹೆಸರಾದವು.

ವಾಪಸು ಹೋಗುವ ಬಸ್ಸು ಹತ್ತುವಾಗ ಆದಿನಾರಾಯಣಯ್ಯ, ಇನ್ನು ನನ್ನ ಕೈಲಿ ಪಾಠ ಆಗದು, ನನ್ನನ್ನು ಬಿಟ್ಟುಬಿಡಿ ಅಂತ ಜಯರಾಮಪ್ಪನವರಲ್ಲಿ ಬೇಡಿಕೊಂಡರು. ಅಧ್ಯಕ್ಷರಿಗೆ ಕನಿಕರ ಬಂತು. ಆಗಲಿ ಅನ್ನುವುದರಲ್ಲಿದ್ದರು. ಮುತ್ಯಾಲಮ್ಮ ಅಡ್ಡ ಬಂದಳು.

"ಬಿಡ್ಬೇಡಿ ಸ್ವಾಮಿ. ಬಿಟ್ರೆ ಮನೇಲಿ ಕದ ಹಾಕ್ಕಂಡು ಒಂದು ವಾರ ಅಳ್ತಾರೆ, ಆಮೇಲೆ ಮರ್ತು ಉಣ್ತಾರೆ. ಇನ್ನೂ ಒಂಬತ್ತು ದಿನ ಪಾಠ ಐತೆ. ದಿನಾ ಈ ಕತೆಯಿಂದ್ಲೇ ಸುರು ಮಾಡ್ಲಿ. ಏಳು ಹೆಸರೂ ಹೇಳ್ಲಿ. ನಾನು ಬಾಗ್ಲಲ್ಲಿ ನಿಂತ್ಕಂಡು ಕೇಳ್ತೀನಿ."

ಮಾರನೆಯ ದಿನ ಬೆಳಿಗ್ಗೆ ಛತ್ರದಲ್ಲಿ ಇಪ್ಪತ್ತು ಜನ ಪುಸ್ತಕ ತೆಗೆದು ಕೂತಿದ್ದರು. ಎರಡನೇ ದಿನ ಬರೆದುಕೊಂಡಿದ್ದ ಹಾಳೆಯನ್ನು ವರಲಕ್ಷ್ಮಮ್ಮ ಮೊದಲು ಹರಿದಳು, ಉಳಿದವರೂ ಹರಿದರು. ಆದಿನಾರಾಯಣಯ್ಯ ಬರಿಗಾಲಲ್ಲಿ ಬಂದು ನಿಂತರು. ಒಂದು ಊರಿತ್ತು, ಅದರ ಕೆರೆ ಒಡೆಯಿತು, ನಾನು ಏರಿಯ ಮೇಲೆ ನಿಂತು ಮೂವತ್ತೊಂದು ಹೊಗೆ ಎಣಿಸಿದೆ ಅಂದರು. ಅಲ್ಲಿಗೆ ನಿಲ್ಲಿಸಿ, ನೀರಿಗಾಗಿ ಸುತ್ತ ನೋಡಿದರು.

ಮುತ್ಯಾಲಮ್ಮ ಮಜ್ಜಿಗೆ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬರಲಿಲ್ಲ.

"ಮುಂದಕ್ಕೆ ಹೇಳಿ ಸ್ವಾಮಿ," ಅಂದಳು. "ಏಳೂ ಹೆಸರು ಮುಗೀಲಿ. ಆಮೇಲೆ ಕೊಡ್ತೀನಿ."