ಕೆಂಪು ಗುರುತಿನ ಟಿಕೆಟ್‌ಗಳು

ಟೆಸ್ಟರ್ ಊಟ ಮುಗಿಸಿ ಬರುವಷ್ಟರಲ್ಲಿ ಆಸ್ಪತ್ರೆ ಮಾನಿಟರ್‌ಗಳ ಸಾಫ್ಟ್‌ವೇರ್ ಮಾಡುವ ತಂಡದ ಪ್ಲ್ಯಾನಿಂಗ್ ಬೋರ್ಡು ಬೋಳಾಗಿತ್ತು. ಬಾಕಿ ಕೆಲಸ, ದೋಷಗಳನ್ನು ಬರೆದಿಟ್ಟ ನಾನೂರು ಟಿಕೆಟ್‌ಗಳಿದ್ದ ಕಡೆ ಈಗ ಬೆರಳೆಣಿಕೆಯಷ್ಟು.

"ನೋಡಿದ್ರಾ ಅಕ್ಕ? ಕಸ ಎಲ್ಲಾ ಒಂದೇ ಏಟಿಗೆ ಖಾಲಿ!" ಟೀಮ್ ಲೀಡ್ ಹಲ್ಲು ಕಿರಿದ. ಇವನು ಕೆಲಸ ಕಲಿತದ್ದೇ ಅವಳ ಕೈಕೆಳಗೆ. "ತಿಂಗಳಿಂದ ಯಾರೂ ಮುಟ್ಟದ್ದನ್ನೆಲ್ಲ ಮುಚ್ಚು ಅಂತ ಎಐ ಏಜೆಂಟ್‌ಗೆ ಹೇಳ್ದೆ, ಮುಗೀತು."

ಅವಳು ಬೋರ್ಡನ್ನು ಮತ್ತೊಮ್ಮೆ ನೋಡಿದಳು. ಯಾರೂ ಮುಟ್ಟದ್ದಂತೆ! ಮುಟ್ಟಬಾರದೆಂದೇ ಬಿಟ್ಟದ್ದಲ್ಲವೇ? ಆಸ್ಪತ್ರೆಯಿಂದ ಉತ್ತರ ಬರುವವರೆಗೆ ಟಿಕೆಟಿಗೆ ಕೆಂಪು ಗುರುತು ಹಾಕಿ ಹಾಗೇ ತೆರೆದಿಡುವುದು ಈ ತಂಡವೇ ಮಾಡಿಕೊಂಡ ಕಟ್ಟಳೆ. ಅವಳು ಬರೆದದ್ದೂ ಒಂದು ಅವುಗಳಲ್ಲಿತ್ತು. ವೈಫೈ ಹೋಗಿ ಬಂದರೆ ಶಿಶು ವಾರ್ಡಿನ ಮಾನಿಟರ್ ಅಲಾರಂ ಬಾಯಿ ಮುಚ್ಚಿಕೊಳ್ಳುತ್ತದೆ, ಹೊಸ ಆವೃತ್ತಿಯಲ್ಲಿ. ಆ ಟಿಕೆಟ್ ತೆರೆದಿರುವವರೆಗೆ ಆವೃತ್ತಿ ಆಸ್ಪತ್ರೆಗೆ ಹೋಗುವಂತಿರಲಿಲ್ಲ.

"ಹೊಸ ಆವೃತ್ತಿ ಎಲ್ಲೋ?"

"ತಡೆ ಇರ್ಲಿಲ್ವಲ್ಲ, ತಾನಾಗೇ ಹೋಯ್ತು. ಯಾಕೆ?"

"ನಿನ್ನ ತಲೇಲಿ ಏನು ಮಣ್ಣು ತುಂಬಿದ್ಯಾ? ಮೊದಲು ವಾಪಸ್ ತಗೋ!"

ಬೈಯುತ್ತಲೇ ತಾನೇ ಹಳೆಯ ಆವೃತ್ತಿಯನ್ನು ಕಳಿಸಿದಳು. ಆದರೆ ವಾರ್ಡಿನಲ್ಲಿ ಮಾನಿಟರ್‌ಗಳನ್ನು ಆಫ್ ಮಾಡಿ ಆನ್ ಮಾಡಿದರೆ ಮಾತ್ರ ಅದು ಜಾರಿಗೆ ಬರುವುದು. ಅಲ್ಲಿಯವರೆಗೆ?

"ಏಜೆಂಟ್ ಎಡವಟ್ಟು ಮಾಡಿದ್ರೆ ನಾನೇನ್ಮಾಡ್ಲಿ ಅಕ್ಕ?"

ಏನ್ ಮಾತು! ಅವಳು ಅವನ ಪರದೆಯನ್ನು ತನ್ನತ್ತ ತಿರುಗಿಸಿ ಸಂಭಾಷಣೆಯನ್ನು ಮೇಲಕ್ಕೆ ಸರಿಸಿದಳು. ಏಜೆಂಟ್ ಕೇಳಿತ್ತು: 'ಇವುಗಳಲ್ಲಿ ಕೆಲವಕ್ಕೆ ಕೆಂಪು ಗುರುತಿದೆ. ಒಂದು ಶಿಶು ವಾರ್ಡಿನ ಅಲಾರಂ ಕುರಿತದ್ದು. ಇವನ್ನೂ ಮುಚ್ಚಲೇ?' ಕೆಳಗೆ ಅವನ ಉತ್ತರ: 'ಎಲ್ಲಾ.'

"ಅದಕ್ಕಿರೋ ಬುದ್ಧಿ ನಿನಗಿಲ್ವಲ್ಲೋ!" ವಾರ್ಡಿನ ನಂಬರ್ ಒತ್ತಿ ಫೋನನ್ನು ಅವನ ಮುಂದೆ ಕುಕ್ಕಿದಳು. "ಮಾತಾಡು, ನೀನೇ."

ಅಲಾರಂ ನಂಬಬೇಡಿ, ಮಾನಿಟರ್ ಆಫ್ ಮಾಡಿ ಆನ್ ಮಾಡಿ ಎಂದು ಅವನು ಹೇಳಿದ್ದನ್ನು ಹೆಡ್ ನರ್ಸ್ ಪೂರ್ತಿ ಕೇಳಿಸಿಕೊಂಡರು. "ಯಾರ್ರೀ ಇದನ್ನ ಮಾಡಿದ್ದು?"

"ನಮ್ಮ ಏಜೆಂಟ್..." ಎಂದವನು ಅವಳ ಮುಖ ನೋಡಿದ. "ನಾನು, ಸಿಸ್ಟರ್. ಅದು ಕೇಳಿತ್ತು. ನಾನು ಓದ್ಲಿಲ್ಲ."

ಅವನ ತಪ್ಪೊಪ್ಪಿಗೆ ಆ ಕಡೆ ಯಾರಿಗೂ ಬೇಕಿರಲಿಲ್ಲ. "ಎಲ್ರೂ ಬನ್ನಿ ಬೇಗ! ಒಂದೊಂದು ತೊಟ್ಟಿಲ ಹತ್ರ ಒಬ್ಬೊಬ್ರು ನಿಲ್ಲಿ!" ಎಂಬ ಕೂಗು, ಓಡುವ ಹೆಜ್ಜೆಗಳು. ಫೋನ್ ಇಡಲು ಅವನು ಕೈ ಚಾಚಿದ.

"ಇಡಬೇಡ," ಎಂದಳು. "ಪೂರ್ತಿ ಕೇಳು."